ಗಜಾಯದಲ್ಲಿ ಹಿಡಿಸದ ಕಮೋಡ್ ಸಾಹೇಬರಿಗೆ

ಗೆ,
ಶ್ರೀಮಾನ್ ಕಮೋಡ್ ಸಾಹೇಬರು,
ಹೊಸ ಬಾತ್‌ರೂಮು, ಬೀರಲಿಂಗಪ್ಪನವರ ಮನೆ,
ಕುಪ್ಪೇಲೂರು, ರಾಣೇಬೆನ್ನೂರು ತಾಲೂಕು.

ವಿಷಯ: ಆರು ಸಾವಿರದ ಇನ್ನೂರು ರೂಪಾಯಿಗೆ ಸಿಕ್ಕ ತಾವು ಒಂದು ಲಕ್ಷ ಮೂವತ್ತೆಂಟು ಸಾವಿರದ ನಾನೂರು ರೂಪಾಯಿ ಆದ ಬಗ್ಗೆ.

ಮಾನ್ಯರೇ,

ಎಷ್ಟು ಬೈದರೂ ಮುಖ ಕೆಂಪಾಗದ, ಎಷ್ಟು ಹೊಗಳಿದರೂ ಉಬ್ಬದ, ಅಚ್ಚ ಬಿಳಿ ಬಣ್ಣದ ತಮ್ಮ ಘನ ಸನ್ನಿಧಿಗೆ ಬೀರಲಿಂಗಪ್ಪನವರ ಮಗ ಚನ್ನೇಶ, ವಯಸ್ಸು ಇಪ್ಪತ್ತು, ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ದಿನಕ್ಕೆ ನಾಲ್ಕು ಸಲ ಕಣ್ಣಾರೆ ನೋಡುತ್ತಿರುವುದರಿಂದ ಆ ಬಗ್ಗೆ ವಿಚಾರಿಸುವುದಿಲ್ಲ. ನಮ್ಮ ಕ್ಷೇಮದ ಬಗ್ಗೆ ತಿಳಿಸುವುದಕ್ಕೇ ಈ ಪತ್ರ.

ಮೊದಲು ನನ್ನ ಬಗ್ಗೆ ಒಂದು ಮಾತು ನಿಜ ಹೇಳಿಬಿಡುತ್ತೇನೆ. ನಾನು ಒಂಬತ್ತನೆಯ ತರಗತಿಯಲ್ಲಿ ಗಣಿತಕ್ಕೆ ನೂರಕ್ಕೆ ಹನ್ನೊಂದು ಅಂಕ ಪಡೆದು ಶಾಲೆ ಬಿಟ್ಟವನು. ಒಂದು ಕಡೆ ಕುಳಿತು ಗೊತ್ತಿಲ್ಲ. ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಗೆ ಹೋಗಿ ಮೆಣಸಿನಕಾಯಿ ಚೀಲ ಹೊರುತ್ತೇನೆ, ಅದು ಮುಗಿದರೆ ಹಾವೇರಿಯಲ್ಲಿ ಟಂಟಂ ಓಡಿಸುತ್ತೇನೆ, ಅದರಲ್ಲೂ ಬೇಸರ ಬಂದರೆ ಸುಮ್ಮನೆ ಬಸ್ಸು ಹತ್ತಿ ಕದರಮಂಡಲಗಿಯ ಆಂಜನೇಯನಿಗೆ ಕೈಮುಗಿದು ಬರುತ್ತೇನೆ. ಹೀಗೆ ಕುಳಿತಲ್ಲಿ ಕೂರದ ನನ್ನಂಥವನಿಗೆ, ಕೂರಿಸಿದಲ್ಲೇ ಕುಳಿತು ಇಡೀ ಮನೆಯನ್ನು ಕುಣಿಸಿದ ತಮ್ಮ ಬಗ್ಗೆ ಎಷ್ಟು ಗೌರವವಿರಬೇಕು ಎಂಬುದನ್ನು ತಾವೇ ಊಹಿಸಬೇಕು.

ತಾವು ನಮ್ಮ ಮನೆಗೆ ಬರಬೇಕಾದ ಕಾರಣ ತಮಗೆ ಗೊತ್ತಿರಲಾರದು. ನಮ್ಮ ಅಜ್ಜಿ ಜಯವ್ವ ಸಂಕ್ರಾಂತಿಯ ಮಾರನೆಯ ದಿನ ಹಿತ್ತಲಿನ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಮಾಡಿದ ಹಾವೇರಿಯ ಡಾಕ್ಟರು, ಇನ್ನು ಮುಂದೆ ಅಜ್ಜಿ ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಹಿತ್ತಲಿಗೆ ನಡೆಯುವಂತಿಲ್ಲ, ಮನೆಯೊಳಗೇ ಕಮೋಡ್ ಇದ್ದರೆ ಮಾತ್ರ ಮನೆಗೆ ಕರೆದೊಯ್ಯಿರಿ ಎಂದುಬಿಟ್ಟರು. ಹಾಗಾಗಿ ಅಜ್ಜಿ ಆಸ್ಪತ್ರೆಯಿಂದ ನೇರವಾಗಿ ಅಗಡಿಯಲ್ಲಿರುವ ನಮ್ಮ ಅತ್ತೆಯ ಮನೆಗೆ, ಅಂದರೆ ಅಜ್ಜಿಯ ಅಳಿಯನ ಮನೆಗೆ ಹೋಗಬೇಕಾಯಿತು. ಅಲ್ಲಿ ತಮ್ಮ ಜಾತಿಯವರೊಬ್ಬರು ಮೊದಲೇ ಇದ್ದರು. ಆದರೆ ಅಳಿಯ ಪಡಸಾಲೆಯಲ್ಲಿ ಕುಳಿತಿರುವಾಗ ಅವರೆದುರು ಬಾತ್‌ರೂಮಿಗೆ ಹೋಗಲು ಸಂಕೋಚಪಟ್ಟು ಅಜ್ಜಿ ಉಣ್ಣುವುದನ್ನೇ ಅರ್ಧ ಮಾಡಿಬಿಟ್ಟರು. ದಿನಾ ಬೆಳಿಗ್ಗೆ ಫೋನು ಬರುತ್ತಿತ್ತು: “ಏನೋ ಚನ್ನ್ಯಾ, ಗ್ವಾಡಿ ಎದ್ವೇನೋ? ಅಳಿಯನ ಮನ್ಯಾಗ ಎಷ್ಟ್ ದಿನಾ ಅಂತ ಕೂಡ್ಲಿ? ಲಗೂ ಕಟ್ರೋ, ನನ್ನ ಮನಿಗೆ ನಾ ಬರ್ತೀನಿ.”

ನಾವು ಲಗುಬಗೆಯಿಂದಲೇ ಹೊರಟೆವು. ನಮ್ಮೂರ ಗೌಂಡಿ ಗೂಡುಸಾಬರು ಗೋಡೆ ಕಟ್ಟುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವರು. ಅವರು ಒಂದು ಲಗ್ನಪತ್ರಿಕೆಯ ಬೆನ್ನ ಮೇಲೆ ಲೆಕ್ಕ ಹಾಕಿ, ಗುಂಡಿ, ಗೋಡೆ, ಪೈಪು, ಬಾಗಿಲು, ತಾವು, ಎಲ್ಲ ಸೇರಿ ಐವತ್ತೈದು ಸಾವಿರ ಎಂದರು. ಅದೇ ದಿನ ಅಪ್ಪ ರಾಣೇಬೆನ್ನೂರಿಗೆ ಹೋಗಿ ತಮ್ಮನ್ನು ಕರೆತಂದರು. ಗೋಡೆ ಏಳುವವರೆಗೆ ತಮ್ಮನ್ನು ಎಲ್ಲಿಡುವುದು ಎಂದು ತಿಳಿಯದೆ ಪಡಸಾಲೆಯಲ್ಲಿ, ಟಿವಿಯ ಎದುರು ಕೂರಿಸಿದೆವು. ನಲವತ್ತು ದಿನ ತಾವು ಅಲ್ಲಿದ್ದಿರಿ. ಅಜ್ಜಿಯ ಆರೋಗ್ಯ ವಿಚಾರಿಸಲು ಬಂದವರೆಲ್ಲ ಅವರನ್ನು ಕಾಣದೆ ತಮ್ಮನ್ನೇ ಕಂಡು, ಮೈದಡವಿ, ಬೆಲೆ ಕೇಳಿ, ಚಹಾ ಕುಡಿದು ಹೋದರು. ಅಷ್ಟು ಜನರ ಮಧ್ಯೆ ಒಮ್ಮೆಯೂ ಬಾಯಿ ಮುಚ್ಚದೆ, ಹಾಗೆಂದು ಒಂದು ಮಾತನ್ನೂ ಆಡದೆ ಕುಳಿತ ತಮ್ಮ ಸಂಯಮ ದೊಡ್ಡದು.

ಖರ್ಚು ಶುರುವಾದದ್ದು ಆಯದಿಂದ. ನಮ್ಮ ಕಡೆ ಗೋಡೆ ಎಬ್ಬಿಸುವ ಮೊದಲು ಆಯ ನೋಡಿಸುವುದು ತಮ್ಮಂಥ ಫ್ಯಾಕ್ಟರಿಯಲ್ಲಿ ಹುಟ್ಟಿದವರಿಗೆ ಗೊತ್ತಿರುವುದಿಲ್ಲ. ಮನೆ ಯಾರ ಹೆಸರಿನಲ್ಲಿದೆಯೋ ಅವರ ಮೊಳ, ಅಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ ಹಿಡಿದು, ಕೋಣೆಯ ಅಗಲ ಉದ್ದ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಸಂಖ್ಯೆಯ ಮೇಲೆ ಒಳ್ಳೆಯದು ಕೆಟ್ಟದ್ದು ಹೇಳುತ್ತಾರೆ. ಒಂದು ಉಳಿದರೆ ಧ್ವಜಾಯ, ಏಳು ಉಳಿದರೆ ಗಜಾಯ, ಎರಡೂ ಶುಭ. ಈ ಲೆಕ್ಕ ಬಲ್ಲವರು ನಮ್ಮ ಓಣಿಯ ಮೈಲಾರೆಪ್ಪಜ್ಜ. ಬಾತ್‌ರೂಮಿಗೆ ಆಯ ಯಾಕೆ ಎಂದು ನಾನು ಕೇಳಿದ್ದಕ್ಕೆ, “ಬಚ್ಚಲಾದ್ರೇನು, ದೇವರ ಕೋಲಿ ಆದ್ರೇನು, ಗ್ವಾಡಿ ಎದ್ದಮ್ಯಾಲ ಆಯ ಬೇಕ ಬೇಕು” ಎಂದು ನನ್ನ ಬಾಯಿ ಮುಚ್ಚಿಸಿದರು.

ಮನೆ ಅಜ್ಜಿಯ ಹೆಸರಿನಲ್ಲಿದೆ. ಹಾಗಾಗಿ ಮೈಲಾರೆಪ್ಪಜ್ಜ ಬಸ್ಸು ಹತ್ತಿ ಅಗಡಿಗೆ ಹೋಗಿ, ಮಂಚದ ಮೇಲೆ ಮಲಗಿದ್ದ ಅಜ್ಜಿಯ ಮೊಳವನ್ನು ಒಂದು ಹುರಿಯಿಂದ ಅಳೆದು, ಗಂಟು ಹಾಕಿ, ಜೇಬಿನಲ್ಲಿಟ್ಟುಕೊಂಡು ಬಂದರು. ನಮ್ಮ ಅಜ್ಜಿ ಬಹಳ ಚಿಕ್ಕ ಆಳು. ಆ ಹುರಿ ಹದಿನೈದು ಇಂಚಿತ್ತು. ಮೂರು ಮೊಳ ಅಗಲ, ಐದು ಮೊಳ ಉದ್ದ, ಗುಣಿಸಿದರೆ ಹದಿನೈದು, ಎಂಟು ಕಳೆದರೆ ಏಳು. “ಗಜಾಯ! ಆನಿ ಬಂದು ನಿಂತಂಗ!” ಎಂದು ಮೈಲಾರೆಪ್ಪಜ್ಜ ಸುಣ್ಣದ ಗೆರೆ ಎಳೆಸಿದರು. ನಾನು ಗೆರೆಯ ಒಳಗೆ ಅಡ್ಡಲಾಗಿ ಮಲಗಿ ತೋರಿಸಿದೆ. ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ ಹೊರಗೆ ಬಂದವು. “ಅಜ್ಜಾ, ಇದರಾಗ ಆನಿ ಬ್ಯಾಡ, ಆಡು ಸೈತ ಹೊಳ್ಳೂದಿಲ್ಲ” ಎಂದೆ. “ಲೆಕ್ಕದಾಗ ಹನ್ನೊಂದ್ ತೊಗೊಂಡಾಂವ ನನಗ ಲೆಕ್ಕಾ ಹೇಳ್ತಿಯೇನಲೇ?” ಎಂದರು. ಅಂಕ ನಿಜವಾದದ್ದರಿಂದ ನಾನು ಎದ್ದು ಮಣ್ಣು ಕೊಡವಿಕೊಂಡೆ. ಗೂಡುಸಾಬರ ಕಡೆ ನೋಡಿದರೆ ಅವರು ಕರಣಿ ಒರೆಸುತ್ತಾ, “ನನಗೇನೈತ್ರಿ ಯಜಮಾನ್ರ, ಅಳತಿ ನಿಮ್ಮದು, ಗ್ವಾಡಿ ನಂದು” ಎಂದು ಅಪ್ಪನಿಗೆ ಹೇಳಿದರು.

ಗೋಡೆ ಎದ್ದವು. ಗೋಡೆಯ ದಪ್ಪವೂ ಆ ಮೂರು ಮೊಳದೊಳಗೇ ಬರಬೇಕು ಎಂಬುದು ಆಯದ ನಿಯಮವಂತೆ. ಹಾಗಾಗಿ ಒಳಗೆ ಉಳಿದ ಅಗಲ ಮೂರೇ ಅಡಿ. ಅದೂ ಸಾಲದೆಂಬಂತೆ, ಕುಳಿತವರ ಮುಖ ಉತ್ತರಕ್ಕೇ ಇರಬೇಕು ಎಂದು ಮೈಲಾರೆಪ್ಪಜ್ಜ ಹೇಳಿದ್ದರಿಂದ ತಮ್ಮನ್ನು ಉದ್ದಕ್ಕೆ ಕೂರಿಸದೆ ಅಡ್ಡಕ್ಕೆ ಕೂರಿಸಲಾಯಿತು. ಹಾವೇರಿಯಿಂದ ಅವ್ವ ಆರಿಸಿ ತಂದ ನವಿಲಿನ ಚಿತ್ರದ ಟೈಲ್ಸು ಹಚ್ಚಿ ಆಗಿತ್ತು. ಪರೀಕ್ಷೆಗೆಂದು, ಮನೆಯಲ್ಲಿ ಎಲ್ಲರಿಗಿಂತ ಉದ್ದನೆಯ ಆಳೆಂದು, ನನ್ನನ್ನು ಪ್ಯಾಂಟು ಸಮೇತ ತಮ್ಮ ಮೇಲೆ ಕೂರಿಸಿದರು. ತಮ್ಮ ಮೂತಿಗೂ ಎದುರಿನ ಗೋಡೆಗೂ ಮಧ್ಯೆ ಇದ್ದದ್ದು ಒಂದು ಗೇಣು ಜಾಗ. ಕುಳಿತೆನೇನೋ ನಿಜ, ಆದರೆ ಮೊಣಕಾಲು ಎರಡೂ ನವಿಲಿನ ಎದೆಗೆ ಒತ್ತಿ ಸಿಕ್ಕಿಕೊಂಡು ಏಳಲಾಗಲಿಲ್ಲ. ಅಪ್ಪ ಒಂದು ತೋಳು, ಗೂಡುಸಾಬರು ಒಂದು ತೋಳು ಹಿಡಿದು ಎಳೆದರು. “ಉಸುರು ಬಿಡೋ ತಮ್ಮಾ, ಸಣ್ಣಾಗ್ತಿ” ಎಂದು ಗೂಡುಸಾಬರು ಧೈರ್ಯ ಹೇಳಿದರು. ಹೊರಗೆ ಬಂದಾಗ ನನ್ನ ಒಂದು ಚಪ್ಪಲಿ ತಮ್ಮ ಬಳಿಯೇ ಉಳಿದಿತ್ತು. ಸೊಂಟಕ್ಕೆ ರಾಡು ಹಾಕಿಸಿಕೊಂಡ ಅಜ್ಜಿ ಇಲ್ಲಿ ಕುಳಿತು ಏಳುವುದು ಹೇಗೆ ಎಂದು ಅವ್ವ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

ಸಂಜೆ ಪಡಸಾಲೆಯಲ್ಲಿ ಸಭೆ ಸೇರಿತು. ಸಣ್ಣ ಮೊಳದ ಮನೆಯಲ್ಲಿ ಕೋಣೆ ಸಣ್ಣದೇ ಆಗುವುದು, ಅದಕ್ಕೆ ತಾನು ಹೊಣೆಯಲ್ಲ ಎಂದು ಮೈಲಾರೆಪ್ಪಜ್ಜ ಹೇಳಿದರು. ಉಪಾಯವನ್ನೂ ಅವರೇ ಸೂಚಿಸಿದರು. ಮನೆಯನ್ನು ನನ್ನ ಹೆಸರಿಗೆ ಮಾಡಿಸಿದರೆ ನನ್ನ ಮೊಳ ಹಿಡಿದು ಅಳೆಯಬಹುದು, ನನ್ನದು ಇಪ್ಪತ್ತು ಇಂಚಿನ ಭರ್ಜರಿ ಮೊಳ! ಅಪ್ಪ ನಿಜವಾಗಿಯೂ ಯೋಚಿಸತೊಡಗಿದರು. ಸುಳ್ಳೇಕೆ ಹೇಳಲಿ, ಒಂದು ಚಹಾ ಕುಡಿಯುವಷ್ಟು ಹೊತ್ತು ನನಗೂ ಆಸೆಯಾಯಿತು. ಆದರೆ ಕಮೋಡ್ ಹಿಡಿಸಲಿಲ್ಲವೆಂದು ಬದುಕಿರುವ ಅಜ್ಜಿಯ ಮನೆಯನ್ನು ಬರೆಸಿಕೊಂಡವನು ಎಂದು ರಾಣೇಬೆನ್ನೂರಿನ ತನಕ ಹೆಸರಾಗುವುದು ನನಗೆ ಬೇಡವಾಗಿತ್ತು. ಒಲ್ಲೆ ಎಂದೆ. ನೋಂದಣಿಯ ಖರ್ಚು ಬಾತ್‌ರೂಮಿಗಿಂತ ಹೆಚ್ಚು ಎಂದು ತಿಳಿದ ಮೇಲೆ ಅಪ್ಪನೂ ಒಲ್ಲೆ ಎಂದರು.

ಕೊನೆಗೆ ಅಗಡಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿ ಅಜ್ಜಿಗೆ ಎಲ್ಲವನ್ನೂ ಹೇಳಿದೆವು. ಅವರು ಪೂರ್ತಿ ಕೇಳಿ, “ಮೈಲಾರೆಪ್ಪಾ, ಮೊಳ ಸಣ್ಣದಿದ್ರ ಎರಡ್ ಮೊಳ ಹೆಚ್ಚಿಗಿ ಹಾಕಬೇಕಪಾ. ಕುಬಸದ ಅರಿವಿ ಕಮ್ಮಿ ಬಿದ್ರ ಮೈ ಕೊಯ್ಕೋತಾರೇನು?” ಎಂದರು. ನಾನು, ಹನ್ನೊಂದು ಅಂಕದವನು, ಬೆರಳ ಮೇಲೆ ಎಣಿಸಿದೆ. ಮೂರು ಮೊಳದ ಅಗಲ ಐದಾದರೆ, ಐದೈದಲೆ ಇಪ್ಪತ್ತೈದು, ಎಂಟು ಮೂರಲೆ ಇಪ್ಪತ್ತನಾಲ್ಕು, ಉಳಿದದ್ದು ಒಂದು. “ಧ್ವಜಾಯ!” ಎಂದು ಮೈಲಾರೆಪ್ಪಜ್ಜ ತಾವೇ ಕಂಡುಹಿಡಿದವರಂತೆ ಎದ್ದು ನಿಂತರು. “ಗಜಕ್ಕಿಂತ ಒಂದ್ ತೂಕ ಮ್ಯಾಲ!”

ಹಾಗೆ ನವಿಲುಗಳು ಒಡೆದವು. ಒಡೆದ ಕೂಲಿ ಬೇರೆ, ಕಟ್ಟಿದ ಕೂಲಿ ಬೇರೆ, ಮಣ್ಣು ಹೊತ್ತು ಹಾಕಿದ ಟ್ರ್ಯಾಕ್ಟರು ಬೇರೆ. ತಮ್ಮನ್ನು ಮತ್ತೆ ಎಬ್ಬಿಸಿ ಪಡಸಾಲೆಗೆ ತಂದು, ಮತ್ತೆ ಒಳಗೆ ಒಯ್ದದ್ದಕ್ಕೆ ನಾಲ್ಕು ಜನರ ಊಟ ಬೇರೆ. ಗೋವಿನಜೋಳ ಮಾರಿದ ದುಡ್ಡು ಮುಗಿಯಿತು. ಆಮೇಲೆ ಹಳೆಯ ಬೈಕೊಂದನ್ನು ಕೊಳ್ಳಲು ನಾನು ಎರಡು ಸುಗ್ಗಿ ಚೀಲ ಹೊತ್ತು ಕೂಡಿಸಿದ್ದ ಇಪ್ಪತ್ತೆಂಟು ಸಾವಿರವೂ ಹೋಯಿತು. ಎಂದರೆ, ಮಾನ್ಯರೇ, ತಾವು ನನ್ನ ಬೈಕು. ನಾನು ದಿನಾ ಬೆಳಿಗ್ಗೆ ತಮ್ಮನ್ನು ಹತ್ತುತ್ತೇನೆ, ಎಲ್ಲಿಯೂ ಹೋಗುವುದಿಲ್ಲ.

ಯಾರಾದರೂ ಎಷ್ಟಾಯಿತು ಎಂದು ಕೇಳಿದರೆ, ದಡ್ಡರೆನ್ನಬಾರದೆಂದು ಅಪ್ಪ ಎಪ್ಪತ್ತು ಸಾವಿರ ಎನ್ನುತ್ತಾರೆ, ಬಡವರೆನ್ನಬಾರದೆಂದು ಅವ್ವ ಎರಡು ಲಕ್ಷ ಎನ್ನುತ್ತಾಳೆ. ನಾನು ಇಬ್ಬರ ಎದುರಿಗೂ ಒಂದು ಲಕ್ಷ ಮೂವತ್ತೆಂಟು ಸಾವಿರದ ನಾನೂರು ಎಂದು ಹೇಳಿ ಒಂದು ದಿನದ ಊಟ ಕಳೆದುಕೊಂಡಿದ್ದೇನೆ.

ಇಷ್ಟು ಖರ್ಚು ಮಾಡಿಸಿದ ಮೇಲೆ ತಮ್ಮಿಂದ ಕೆಲವು ಸಣ್ಣ ಸೇವೆಗಳನ್ನು ನಿರೀಕ್ಷಿಸುವುದು ತಪ್ಪಾಗಲಾರದೆಂದು ಭಾವಿಸುತ್ತೇನೆ. ಕರೆಂಟು ಹೋದಾಗ ತಾವು ಸ್ವಲ್ಪ ಬೆಳಗಬೇಕು, ಬಿಳಿ ಬಣ್ಣಕ್ಕೆ ಅದು ಕಷ್ಟವಲ್ಲ. ನಲ್ಲಿಗೆ ನೀರು ವಾರಕ್ಕೊಮ್ಮೆ ಬರುವುದರಿಂದ, ಒಂದು ಸಲಕ್ಕೆ ಅರ್ಧ ಕೊಡ ಕುಡಿಯುವ ಅಭ್ಯಾಸವನ್ನು ಒಂದು ತಂಬಿಗೆಗೆ ಇಳಿಸಬೇಕು. ಸಾಧ್ಯವಾದರೆ ಭಾನುವಾರ ಹಾವೇರಿಯ ತನಕ ನನ್ನನ್ನು ಕರೆದೊಯ್ಯಬೇಕು. ಇವು ಯಾವುವೂ ಆಗದಿದ್ದರೆ, ಬಂದ ನೆಂಟರೆದುರು ಕನಿಷ್ಠ ಎರಡು ಲಕ್ಷದವರಂತೆ ಕಾಣಬೇಕು, ಅವ್ವನ ಮಾತು ಉಳಿಯುತ್ತದೆ.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ಕಳೆದ ಸೋಮವಾರ ಅಜ್ಜಿಯನ್ನು ನಾನು ಓಡಿಸುವ ಟಂಟಂನಲ್ಲೇ ಅಗಡಿಯಿಂದ ಕರೆತಂದೆ. ಅವರು ನೀರೂ ಕುಡಿಯಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ವಾಕರ್ ಹಿಡಿದು ನೇರವಾಗಿ ತಮ್ಮ ಕೋಣೆಗೆ ನಡೆದು, ಬಾಗಿಲು ಹಾಕಿಕೊಂಡರು. ನಾವೆಲ್ಲ ಹೊರಗೆ ಬಾಗಿಲಿಗೆ ಕಿವಿಯಿಟ್ಟು ನಿಂತೆವು. ಚಿಲಕದ ಸದ್ದು ಕೇಳಿತು. ಅವ್ವ ಗಾಬರಿಯಿಂದ, “ಅತ್ತ್ಯಾರ, ಚಿಲಕಾ ಹಾಕಬ್ಯಾಡ್ರಿ, ಡಾಕ್ಟರ್ ಹೇಳ್ಯಾರ!” ಎಂದು ಕೂಗಿದಳು. ಒಳಗಿಂದ ಉತ್ತರ ಬಂತು: “ನಾ ಈ ಮನಿಗೆ ಬಂದು ಐವತ್ತೆಂಟ್ ವರ್ಷಾತು. ಒಳಗಿಂದ ಚಿಲಕಾ ಹಾಕ್ಕೊಳ್ಳಾಕ ನನಗೊಂದ್ ಕೋಲಿ ಇದ್ದಿಲ್ಲ. ಈಗ ಹಾಕೇನಿ. ನಿಮ್ಮ ನಿಮ್ಮ ಕೆಲಸಾ ನೋಡ್ಕೋರಿ.”

ಒಂದು ತಾಸು ಅವರು ಹೊರಗೆ ಬರಲಿಲ್ಲ. ಮಂಗಳವಾರ ಎಲೆಯಡಿಕೆಯ ಚೀಲ ಒಳಗೆ ಹೋಯಿತು, ಬುಧವಾರ ರೇಡಿಯೋ ಹೋಯಿತು. ಒಮ್ಮೊಮ್ಮೆ ಒಳಗಿಂದ ಅವರು ತಮ್ಮಷ್ಟಕ್ಕೆ ತಾವೇ ಹಾಡಿಕೊಳ್ಳುವುದು ಕೇಳಿಸುತ್ತದೆ. ನಮ್ಮ ಅಜ್ಜಿ ಹಾಡುತ್ತಾರೆಂಬುದು ನಮ್ಮ ಅಪ್ಪನಿಗೂ ಗೊತ್ತಿರಲಿಲ್ಲ. ಆದ್ದರಿಂದ ಖರ್ಚಿನ ಬಗ್ಗೆ ಮೇಲೆ ಬರೆದದ್ದನ್ನೆಲ್ಲ ಈ ಮೂಲಕ ವಾಪಸ್ಸು ತೆಗೆದುಕೊಳ್ಳುತ್ತೇನೆ. ನನ್ನ ಮನವಿ ಒಂದೇ: ತಾವು ದಿನಕ್ಕೆ ಅರ್ಧ ತಾಸು, ಬೆಳಿಗ್ಗೆ ಆರರಿಂದ ಆರೂವರೆಯವರೆಗೆ, ದಯವಿಟ್ಟು ಕುಳಿತವರಿಗೆ ಚಳಿ ಹತ್ತುವಷ್ಟು ತಣ್ಣಗಿರಬೇಕು. ಅಜ್ಜಿಯನ್ನು ಎಬ್ಬಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಅವರೇ ಮನಸ್ಸು ಮಾಡಿ ಒಂದು ಸುತ್ತು ಅಂಗಳಕ್ಕೆ ಹೋಗಿ ಬಂದರೆ, ಅಷ್ಟರಲ್ಲಿ ಉಳಿದ ಮೂವರೂ ಓಡಿ ಹೋಗಿ ಬರುತ್ತೇವೆ.

ಟವೆಲು ಹೆಗಲಿಗೆ ಹಾಕಿಕೊಂಡು, ಸರದಿಯಲ್ಲಿ ಮೂರನೆಯವನಾಗಿ ನಿಂತಿರುವ,
ತಮ್ಮ ವಿಶ್ವಾಸಿ,
ಚನ್ನೇಶ

ತಾ.ಕ.: ನಿನ್ನೆ ತಮ್ಮ ನೀರಿನ ಟ್ಯಾಂಕಿನ ಮುಚ್ಚಳ ತೆಗೆದಾಗ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಹಾಳೆ ಸಿಕ್ಕಿತು. ತಮ್ಮನ್ನು ಕೂರಿಸಲು ಕೋಣೆ ಎಷ್ಟಿರಬೇಕು, ಎದುರಿಗೆ ಎಷ್ಟು ಜಾಗ ಬಿಡಬೇಕು ಎಂದು ಅದರಲ್ಲಿ ಶಾಲೆಗೆ ಹೋಗದವರಿಗೂ ತಿಳಿಯುವಂತೆ ಚಿತ್ರ ಬರೆದು ತೋರಿಸಿದ್ದಾರೆ. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮೈಲಾರೆಪ್ಪಜ್ಜ ಹುರಿ ಹಿಡಿದು ತಮ್ಮೆದುರೇ ಓಡಾಡುತ್ತಿದ್ದಾಗಲೂ ಸುಮ್ಮನೆ ಕುಳಿತ ತಾವು, ನಮ್ಮ ಪಂಚಾಯಿತಿಯ ಮುಂದಿನ ಚುನಾವಣೆಗೆ ಏಕೆ ನಿಲ್ಲಬಾರದು?