ಸುಬ್ಬಿಯ ವಿಳಾಸ ಕೊಟ್ಟವರು ಯಾರು?

ವರ್ಗವಾಗಿ ಹೊಸ ಊರಿಗೆ ಹೋದರೆ ನಮ್ಮ ಮನೆ ನಾಲ್ಕು ಜನಕ್ಕೆ ಗೊತ್ತಾಗಲು ತಿಂಗಳುಗಟ್ಟಲೆ ಬೇಕು. ಹಾಲಿನವನಿಗೆ ಹೇಳಿಕಳಿಸಬೇಕು, ಪೋಸ್ಟ್‌ಮ್ಯಾನ್‌ಗೆ ಬಾಗಿಲು ತೋರಿಸಬೇಕು, ಸಿಲಿಂಡರಿನವನಿಗಂತೂ ಕೈ ಮುಗಿಯಬೇಕು. ನಮ್ಮ ಸುಬ್ಬಿಗೆ ಈ ಯಾವ ತಾಪತ್ರಯವೂ ಇರಲಿಲ್ಲ. ಹೊಸಿಲು ದಾಟದ ಕರೀ ಬೆಕ್ಕು ಅವಳು. ನಾವು ಪಾತ್ರೆ ಪಡಗ ಜೋಡಿಸುವಷ್ಟರಲ್ಲಿ ಊರಿನ ಗಂಡುಬೆಕ್ಕುಗಳಿಗೆಲ್ಲ ಅವಳ ವಿಳಾಸ ಸಿಕ್ಕಿರುತ್ತಿತ್ತು. ಮನೆಯವರಿಗೆ ಕರೆಂಟ್ ಆಫೀಸಿನ ಕೆಲಸ. ಗುಬ್ಬಿ, ಕುಣಿಗಲ್, ತುಮಕೂರು, ಮೂರು ಕಡೆಯೂ ಇದೇ ಕತೆ.

ಕಾಯಿಲೆ ವಿಚಾರಿಸೋಕೆ ಬಂದವರು

ತೊಂಬತ್ತರ ದಶಕದ ಕೊನೆಯ ಮಾತು. ಗುಬ್ಬಿಯಲ್ಲಿದ್ದೆವು. ಸುಬ್ಬಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನೆಲದ ಮೇಲೆ ಉರುಳಾಡಿಕೊಂಡು ಎಳೆಮಗುವಿನ ಹಾಗೆ ಅರಚಲು ಶುರುಮಾಡಿದಳು.

ನಮ್ಮತ್ತೆ ಕಡಬದವರು. ಮನೆಯಲ್ಲಿ ಯಾರಿಗೆ ಏನಾದರೂ ಅವರದೇ ವೈದ್ಯ. "ಹೊಟ್ಟೆನೋವು ಕಣೇ" ಅಂತ ಓಂಕಾಳಿನ ನೀರು ಕುಡಿಸಿದರು. ಅರಚಾಟ ಜಾಸ್ತಿಯಾಯಿತು. "ಹಂಗಾರೆ ದೃಷ್ಟಿ" ಅಂತ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿದೆವು, ಸುಬ್ಬಿ ಮಾತ್ರ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಕಾಂಪೌಂಡ್ ಗೋಡೆ ನೋಡಿದರೆ ಸಾಲಾಗಿ ಗಂಡುಬೆಕ್ಕುಗಳು. ಕಿವಿ ಹರಿದವು, ಮೂತಿ ಊದಿದವು, ಒಂದಂತೂ ಒಕ್ಕಣ್ಣ. ಆ ಬೀದಿಯಲ್ಲಿ ಅಷ್ಟು ಬೆಕ್ಕುಗಳಿವೆ ಅಂತಲೇ ನನಗೆ ಗೊತ್ತಿರಲಿಲ್ಲ. ಎಲ್ಲವೂ ಸದ್ದಿಲ್ಲದೆ ನಮ್ಮ ಅಡುಗೆಮನೆ ಕಿಟಕಿಯನ್ನೇ ನೋಡುತ್ತ ಕೂತಿದ್ದವು.

ಅತ್ತೆ ಕರಗಿಹೋದರು. "ಪಾಪ, ಕಾಯಿಲೆ ಅಂತ ನೋಡಕ್ಕೆ ಬಂದವೆ" ಅಂತ ಬಂದವರಿಗೆಲ್ಲ ತಟ್ಟೆಯಲ್ಲಿ ಹಾಲು ಹುಯ್ದರು. ಮಾರನೇ ದಿನ ಇನ್ನೂ ಹೆಚ್ಚು ಜನ ಬಂದರು. ಅತ್ತೆ ತಲೆಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನಂಗೆ ಆಪ್ರೇಸನ್ ಆದಾಗ ಇಷ್ಟ್ ಜನ ಬರ್ಲಿಲ್ಲ ಕಣೇ."

ಹೋಟೆಲ್ ಬೆಕ್ಕಿನ ಪ್ರತಾಪ

ಕುಣಿಗಲ್‌ಗೆ ಬಂದೆವು. ಸುಬ್ಬಿ ಮುಚ್ಚಿದ ಬುಟ್ಟಿಯಲ್ಲಿ ಲಾರಿ ಇಳಿದು, ಹಾಗೇ ಒಳಗೆ ಹೋದವಳು. ಈ ಸಲ ಯಾರಿಗೂ ಗೊತ್ತಾಗಲ್ಲ ಅಂದುಕೊಂಡೆ. ವಾರದೊಳಗೆ ಹೆಂಚಿನ ಮೇಲೆ ಓಡಾಟ ಶುರುವಾಯಿತು.

ಬುಟ್ಟಿ ಎತ್ತಿಕೊಂಡು ದನದ ಆಸ್ಪತ್ರೆಗೆ ಹೋದೆವು. ಡಾಕ್ಟರು ನಕ್ಕು, "ಕಾಯಿಲೆ ಏನಿಲ್ಲಮ್ಮ, ಬೆದೆಗೆ ಬಂದದೆ. ಇದರ ವಾಸನೆ, ಕೂಗು, ಎಷ್ಟೋ ದೂರದ ಗಂಡಿಗೂ ಗೊತ್ತಾಗ್ತದೆ. ಆಪರೇಷನ್ ಮಾಡಿಸೋವರೆಗೂ ಹಿಂಗೇ" ಅಂದರು.

"ಮತ್ತೆ ಮಾಡಿಬಿಡಿ ಸಾರ್" ಅಂದೆ.

"ನಾನು ಎತ್ತು, ಎಮ್ಮೆ, ಕುದುರೆ ನೋಡೋನು. ಇಷ್ಟು ಸಣ್ಣ ಜೀವಕ್ಕೆ ಬೇಕಾದ ಸಾಮಾನು ನನ್ನ ಹತ್ರ ಇಲ್ಲ. ಬೆಂಗಳೂರಿಗೆ ತಗೊಂಡೋಗಿ."

ಬೆಂಗಳೂರು ಅಂದ ಕೂಡಲೇ ನಮ್ಮನೆಯವರು ಬುಟ್ಟಿ ಎತ್ತಿಕೊಂಡು ಮನೆ ಕಡೆ ಹೊರಟೇಬಿಟ್ಟರು. ಮದುವೆಯಾದಾಗಿನಿಂದ ನನ್ನನ್ನೇ ಕರೆದುಕೊಂಡು ಹೋಗಿರಲಿಲ್ಲ, ಇನ್ನು ಬೆಕ್ಕಿನ ಮಾತೆಲ್ಲಿ ಬಂತು.

ಮನೆಗೆ ಬಂದರೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲ್ ಯಜಮಾನರು ನಮ್ಮ ಅಂಗಳದಲ್ಲಿ ನಿಂತಿದ್ದಾರೆ. ಅವರ ಬೆಕ್ಕು ಕಾಣೆಯಾಗಿತ್ತು. ಆ ಬೆಕ್ಕನ್ನು ನಾನೂ ಕಂಡಿದ್ದೆ. ಗಲ್ಲಾಪೆಟ್ಟಿಗೆ ಪಕ್ಕದ ಗೋಣಿಚೀಲದ ಮೇಲೆ ಮಲಗಿದ್ದರೆ ಮಲಗೇ ಇರುತ್ತಿತ್ತು, ಇಲಿ ಬಾಲ ತುಳಿದುಕೊಂಡು ಹೋದರೂ ಕಣ್ಣು ಬಿಡುತ್ತಿರಲಿಲ್ಲ. ಗಿರಾಕಿಗಳು ಅದಕ್ಕೆ ಜೀವ ಇದೆಯೋ ಇಲ್ಲವೋ ಅಂತ ಬೆಟ್ ಕಟ್ಟುತ್ತಿದ್ದರಂತೆ.

ಈಗ ನೋಡಿದರೆ ಅದು ತೆಂಗಿನಮರ ಹತ್ತಿ, ಗರಿಯ ಮೇಲೆ ನಡೆದು, ಅಲ್ಲಿಂದ ನಮ್ಮ ಹೆಂಚಿಗೆ ಹಾರಿ ಹುಲಿಯ ಹಾಗೆ ಕೂತಿತ್ತು. ಯಜಮಾನರು ಕತ್ತೆತ್ತಿ ನೋಡುತ್ತ ನಿಂತೇ ಇದ್ದರು. ಅವರಿಗೆ ಸಿಟ್ಟು ಬರಲಿಲ್ಲ, ಬೆರಗಾಗಿತ್ತು. ಕೊನೆಗೆ ಮೆಲ್ಲಗೆ ಕೇಳಿದರು:

"ಏನ್ಲಾ, ನಿಂಗೆ ನಡಿಯಕ್ಕೂ ಬರ್ತದಾ?"

ಸತ್ಸಂಗ

ತುಮಕೂರಿನಲ್ಲಿ ಮನೆ ಹುಡುಕಿ ಹುಡುಕಿ ಸಾಕಾಗಿತ್ತು. ಕೊನೆಗೆ ಸಿಕ್ಕಿದ್ದು ಮಗಳ ಸ್ಕೂಲಿನ ಬೀದಿಯಲ್ಲೇ, ಬೋರ್‌ವೆಲ್ ನೀರಿರುವ ಮನೆ. ಕೆಳಗೆ ನಾವು, ಮೇಲೆ ಓನರ್ ದಂಪತಿ. ಓನರ್ ದೊಡ್ಡ ಶಿವಭಕ್ತರು. ಬೆಳಿಗ್ಗೆ ಪೂಜೆ ಮುಗಿಯುವ ತನಕ ಮನೆಯಲ್ಲಿ ಚಮಚ ಬಿದ್ದ ಸದ್ದೂ ಕೇಳಬಾರದು.

ಅವರಲ್ಲೂ ಒಂದು ಬೆಕ್ಕಿತ್ತು. ಹಾಲಿನಂಥ ಬಿಳಿ ಮೈ, ಬಾಲದ ತುದಿ ಮಾತ್ರ ಕೊಕ್ಕೆಯಂತೆ ಬಾಗಿತ್ತು. ಹೆಸರು ಸಾಧು. ಪೂಜೆ ಮುಗಿದ ಮೇಲೆ ಅದರ ಹಣೆಗೂ ವಿಭೂತಿ ಹಚ್ಚುತ್ತಿದ್ದರು. "ನಮ್ಮ ಸಾಧು ಬ್ರಹ್ಮಚಾರಿ. ಹೆಣ್ಣುಬೆಕ್ಕಿನ ಕಡೆ ತಿರುಗಿಯೂ ನೋಡಲ್ಲ" ಅನ್ನುತ್ತಿದ್ದರು. ಮಹಡಿಯ ಬಾಗಿಲು ಸದಾ ಮುಚ್ಚಿರುತ್ತಿದ್ದುದರಿಂದ ನೋಡೋಕೆ ಅದಕ್ಕೆ ಯಾರೂ ಸಿಗುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಸಂಕ್ರಾಂತಿ ಕಳೆಯಿತು, ಸುಬ್ಬಿ ಶುರುಮಾಡಿದಳು. ಬೀದಿಯ ಗಂಡುಬೆಕ್ಕುಗಳೆಲ್ಲ ಬಂದು ಓನರ್ ಪೂಜೆಗೆ ಕೂತ ಹೊತ್ತಿಗೇ ರಾಗ ಎಳೆದವು. ಅವರ ಚಪ್ಪಲಿಯ ಮೇಲೆ, ಸ್ಕೂಟರ್ ಸೀಟಿನ ಮೇಲೆ ಎಲ್ಲ ಕಡೆ ಉಚ್ಚೆ ಸಿಡಿಸಿ ಹೋದವು. ಓನರ್ ಮಡಿಯಲ್ಲೇ ಇಳಿದು ಬಂದು, "ತಿಂಗಳ ಕೊನೆಗೆ ಮನೆ ಖಾಲಿ ಮಾಡಿ" ಅಂದರು.

ಮಗಳಿಗೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಹತ್ತಿರವಿತ್ತು. ಆ ಹೊತ್ತಿನಲ್ಲಿ ಪುಸ್ತಕ, ಪಾತ್ರೆ ಕಟ್ಟಿಕೊಂಡು ಎಲ್ಲಿಗೆ ಹೋಗೋದು? "ಪರೀಕ್ಷೆ ಮುಗಿಯೋ ತನಕ ಇರಕ್ಕೆ ಬಿಡಿ ಸ್ವಾಮಿ" ಅಂತ ಅತ್ತುಬಿಟ್ಟೆ.

ಅವರು ಕೆಟ್ಟವರಲ್ಲ, ಕರಗಿದರು. ಯೋಚನೆ ಮಾಡಿ ಅಂದರು: "ನಿಮ್ಮ ಬೆಕ್ಕಿಗೆ ಸಹವಾಸ ಸರಿಯಿಲ್ಲ. ಸತ್ಸಂಗ ಬೇಕು. ನಮ್ಮ ಸಾಧುನ ಎರಡು ದಿನ ನಿಮ್ಮನೇಲಿ ಬಿಡ್ತೀನಿ. ಅವನ ಶಾಂತಿ ನೋಡಿ ಇದೂ ಕಲೀಲಿ."

ನಾನು ಬಾಯಿ ತೆರೆದೆ. ಮನೆ ಬೇಕಲ್ಲ, ಮುಚ್ಚಿಕೊಂಡೆ. ಓನರ್ ತಾವೇ ಸಾಧುವನ್ನು ಎತ್ತಿಕೊಂಡು ಬಂದು, ವಿಭೂತಿ ಸರಿಮಾಡಿ, ಸುಬ್ಬಿ ಇದ್ದ ಕೋಣೆಗೆ ಬಿಟ್ಟು ಬಾಗಿಲು ಹಾಕಿಕೊಂಡು ಹೋದರು.

ಆಶ್ಚರ್ಯ ಅಂದರೆ, ಎರಡು ದಿನದಲ್ಲಿ ಸುಬ್ಬಿ ಗಪ್‌ಚುಪ್. ಕೂಗಿಲ್ಲ, ಉರುಳಾಟವಿಲ್ಲ. ಗೋಡೆ ಮೇಲಿನವರೂ ಒಬ್ಬೊಬ್ಬರಾಗಿ ಎದ್ದು ಹೋದರು. ಓನರ್ ಬೀದಿಯವರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಸತ್ಸಂಗದ ಮಹಿಮೆ ಹೇಳಿದರು.

ಮುಂದಿನ ತಿಂಗಳು ಸುಬ್ಬಿಯ ಹೊಟ್ಟೆ ಕಾಣಿಸಿತು.

ಓನರ್ ಕೆಂಡವಾದರು. "ಯಾವ ಬೀದಿ ಬೆಕ್ಕನ್ನ ಒಳಗೆ ಬಿಟ್ಟುಕೊಂಡ್ರಿ? ಸಾಧು ಕಲಿಸಿದ್ದನ್ನೆಲ್ಲ ಹಾಳು ಮಾಡಿದ್ರಿ. ಇನ್ನು ಒಂದು ಮಾತೂ ಇಲ್ಲ, ಖಾಲಿ ಮಾಡಿ." ಆ ಬ್ರಹ್ಮಚಾರಿಯ ಹೆಸರೆತ್ತಿದ್ದರೆ ಅವತ್ತೇ ಸಾಮಾನು ಬೀದಿಗೆ ಬರುತ್ತಿತ್ತು. ರಟ್ಟಿನ ಪೆಟ್ಟಿಗೆ ತಂದು ಪಾತ್ರೆ ತುಂಬಲು ಶುರುಮಾಡಿದೆ. ಮಗಳು ಆ ಪೆಟ್ಟಿಗೆಗಳ ನಡುವೆಯೇ ಕೂತು ಓದಿಕೊಳ್ಳುತ್ತಿದ್ದಳು.

ಪರೀಕ್ಷೆಯ ಹಿಂದಿನ ವಾರ, ಪಾತ್ರೆ ತುಂಬಬೇಕಿದ್ದ ಒಂದು ಪೆಟ್ಟಿಗೆಯಲ್ಲೇ ಸುಬ್ಬಿ ಮರಿ ಹಾಕಿದಳು. ಓನರ್ ಹೆಂಡತಿ ನೋಡಲು ಇಳಿದು ಬಂದರು. ಕರೀ ಸುಬ್ಬಿಯ ಹೊಟ್ಟೆಗೆ ಅಂಟಿಕೊಂಡು ಮೂರು ಹಾಲುಬಿಳುಪಿನ ಮರಿ. ಮೂರರ ಬಾಲದ ತುದಿಯಲ್ಲೂ ಕೊಕ್ಕೆ.

ಆಯಮ್ಮ ಬಗ್ಗಿ ಒಂದೊಂದೇ ಬಾಲ ನೋಡಿದರು. ಆಮೇಲೆ ಮಹಡಿ ಕಡೆ ತಿರುಗಿ, "ರೀ, ಬನ್ನಿ ಇಲ್ಲಿ. ನಿಮ್ಮ ಸತ್ಸಂಗ ನೋಡಿ" ಅಂತ ಕೂಗಿದರು.

ಓನರ್ ಬಂದರು, ಬಗ್ಗಿದರು, ನೋಡಿದರು. ಒಂದು ಬಾಲವನ್ನು ಬೆರಳಲ್ಲಿ ನೇರ ಮಾಡಿ ಬಿಟ್ಟರು. ಅದು ಮತ್ತೆ ಕೊಕ್ಕೆಯಾಯಿತು. ಎದ್ದು ಮೇಲೆ ಹೋದರು.

ಸಂಜೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಓನರ್. ಒಂದು ಕೈಯಲ್ಲಿ ಹಾಲಿನ ಚೊಂಬು, ಇನ್ನೊಂದರಲ್ಲಿ ಬಾಣಂತಿಗೆ ಕೊಡುವ ಹಾಗೆ ಕೊಬ್ಬರಿ ಬೆಲ್ಲದ ತಟ್ಟೆ. ಹೆಂಡತಿ ಕಳಿಸಿದ್ದು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಕಟ್ಟಿಟ್ಟ ಪೆಟ್ಟಿಗೆಗಳನ್ನು ತೋರಿಸಿ, "ಮನೆ ಯಾವಾಗ ಖಾಲಿ ಮಾಡ್ಲಿ ಸ್ವಾಮಿ?" ಅಂದೆ.

ಅವರು ತಟ್ಟೆ ನನ್ನ ಕೈಗಿಟ್ಟು, ನೆಲ ನೋಡುತ್ತ ಅಂದರು:

"ಬೀಗರ ಮಧ್ಯೆ ಅಂಥ ಮಾತೆಲ್ಲ ಯಾಕಮ್ಮ."