ಟೆಂಡರ್ ಪೆಟ್ಟಿಗೆಯಲ್ಲಿ ಪಾಸ್‌ವರ್ಡ್

ದಾಸನಕೊಪ್ಪದ ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲ ಮನುಷ್ಯ ನಾನು. ಆದ್ದರಿಂದ ಶಿರಸಿಯ ನಮ್ಮ ಅಡಿಕೆ ಸೊಸೈಟಿಗೆ ಕಂಪ್ಯೂಟರ್ ಬಂದಾಗ ಅದರ ಕೋಣೆಯ ಬೀಗದ ಕೈ ನನಗೇ ಸಿಕ್ಕಿತು. ಅದಕ್ಕೂ ಮೊದಲು ನಾನು ಅಂಗಳದಲ್ಲಿ ಕಾಂಟಾದ ಮೇಲೆ ಮೂಟೆ ತೂಗಿಸುತ್ತಿದ್ದೆ.

ಪಾಸ್‌ವರ್ಡ್ ಗುಟ್ಟಾಗಿರಬೇಕೆಂದು ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಬುಧವಾರ ಸಾಹೇಬರು ತಪಾಸಣೆಗೆ ಬರುತ್ತಾರೆ, ಎಡವಟ್ಟಾದರೆ ಮತ್ತೆ ಕಾಂಟಾಕ್ಕೇ ಹೋಗಬೇಕಾದೀತು ಎಂದರು ಮ್ಯಾನೇಜರು. ಪಾಸ್‌ವರ್ಡ್ ಗುಟ್ಟಾಗಿಡುವುದು ಪದವೀಧರನಿಗೆ ಯಾವ ದೊಡ್ಡ ಕೆಲಸ!

ಬುಧವಾರ ಬೆಳಿಗ್ಗೆ ಸಿಬ್ಬಂದಿಯನ್ನೆಲ್ಲ ಕೂಡಿಸಿ, ಪ್ರತಿಯೊಬ್ಬರೂ ತಮ್ಮದೊಂದು ಪಾಸ್‌ವರ್ಡ್ ಇಟ್ಟುಕೊಳ್ಳಬೇಕೆಂದು ಒಂದು ತಾಸು ಉಪನ್ಯಾಸ ಕೊಟ್ಟೆ. ಯಾರಿಗೂ ಏನೂ ತಿಳಿಯಲಿಲ್ಲ. ಕೊನೆಗೆ ಹಿರಿಯ ಗುಮಾಸ್ತ ಗಣಪಣ್ಣ ಕೇಳಿದ: “ತಮಾ, ಪಾಸ್‌ವರ್ಡ್ ಅಂದ್ರೆ ಎಂತದು ಹೇಳಿ ಸಸಾರ ಮಾಡಿ ಹೇಳು.”

“ವ್ಯಾಪಾರಿಗಳ ಟೆಂಡರ್ ಚೀಟಿ ಇದ್ದಂಗ ಗಣಪಣ್ಣ. ಬರದಾಂವಗ ಬಿಟ್ರ ಯಾರಿಗೂ ಗೊತ್ತಾಗಬಾರದು.”

ಎಲ್ಲರ ಮುಖವೂ ಒಮ್ಮೆಲೇ ಅರಳಿತು. ನಾನು ಹೆದರಬೇಕಾದದ್ದು ಆಗ!

ಮಧ್ಯಾಹ್ನ ಸಾಹೇಬರ ಸಮಕ್ಷಮದಲ್ಲಿ, ವ್ಯಾಪಾರಿಗಳು ಹೆಸರು ಮತ್ತು ಅಡಿಕೆಯ ಧಾರಣೆ ಬರೆದು ಚೀಟಿ ಹಾಕುವ ಟೆಂಡರ್ ಪೆಟ್ಟಿಗೆ ತೆರೆದರು. ವ್ಯಾಪಾರಿಗಳು, ಬೆಳೆಗಾರರು ಕಿವಿಗೊಟ್ಟು ನಿಂತಿದ್ದರು. ಮ್ಯಾನೇಜರು ಪದ್ಧತಿಯಂತೆ ಚೀಟಿಗಳನ್ನು ಮೈಕಿನಲ್ಲಿ ಓದುತ್ತ ಹೋದರು. ನಾಲ್ಕನೆಯ ಚೀಟಿಗೆ ತಡವರಿಸಿದರು.

“ಕೌಲಿ... ಹನ್ನೆರಡು.”

ಕೌಲಿ ಯಾವ ಊರಿನ ವ್ಯಾಪಾರಿ ಎಂದು ಒಬ್ಬರು ಕೇಳಿದರು. ಹನ್ನೆರಡು ರೂಪಾಯಿಗೆ ಅಡಿಕೆ ಕೇಳಿದವನನ್ನು ತೋರಿಸಿ ಎಂದು ಬೆಳೆಗಾರರು ಎದ್ದುನಿಂತರು. ಗಣಪಣ್ಣ ಮಾತ್ರ ತಲೆ ತಗ್ಗಿಸಿದ. ಕೌಲಿ ಅವನ ಮನೆಯ ಆಕಳು! ಒಟ್ಟು ಏಳು ಪಾಸ್‌ವರ್ಡ್‌ಗಳು ಇಡೀ ಅಂಗಳಕ್ಕೆ ಕೇಳಿದವು.

“ಟೆಂಡರ್ ಚೀಟಿ ಹಾಂಗೆ ಹೇಳಿ ನೀನೇ ಹೇಳಿದ್ದೆ. ಅದ್ಕೇ ಎಲ್ಲರೂ ಬರೆದು ಪೆಟ್ಟಿಗೆಗೆ ಹಾಕಿದ್ಯ” ಎಂದ ಗಣಪಣ್ಣ.

ನಾನು ಕಂಪ್ಯೂಟರ್ ಕೋಣೆಗೆ ಓಡಿಹೋಗಿ ಎಲ್ಲರ ಪಾಸ್‌ವರ್ಡ್ ಬದಲಾಯಿಸಲು ಕುಳಿತೆ. ಸಾಹೇಬರು ಗಣಪಣ್ಣನೊಂದಿಗೆ ಹಿಂದೆಯೇ ಬಂದರು. ನನ್ನದಾದರೂ ಗುಟ್ಟಾಗಿದೆಯೇ ಎಂದು ಕೇಳಿದರು. ಬ್ರಹ್ಮನಿಗೂ ಗೊತ್ತಾಗದೆಂದು ಎದೆಯುಬ್ಬಿಸಿ ಹೇಳಿದೆ. ಅವರು ಗಣಪಣ್ಣನ ಕಡೆ ನೋಡಿದರು.

“ಬಿಎ ಇರ್ತು ಸಾಹೇಬ್ರೆ,” ಎಂದ ಅವನು, ಯೋಚನೆಯನ್ನೂ ಮಾಡದೆ. “ಇವ ಚಾ ತರ್ಸೋ ಚೀಟಿಗೂ ಹೆಸರಿನ ಮುಂದೆ ಬಿಎ ಹೇಳಿ ಬರೀತ.”

ಸಾಹೇಬರು ಎರಡೇ ಅಕ್ಷರ ಒತ್ತಿದರು. ಕಂಪ್ಯೂಟರ್ ತೆರೆದುಕೊಂಡಿತು.

ಈಗ ನಾನು ಮತ್ತೆ ಕಾಂಟಾದ ಬಳಿ ಇದ್ದೇನೆ. ಒಳ್ಳೆಯ ಯಂತ್ರ. ಮೂಟೆ ಇಟ್ಟರೆ ಸಾಕು, ಯಾರೆಂದು ಕೇಳುವುದಿಲ್ಲ. ತೂಕದ ಚೀಟಿಗೆ ಬರೀ ಹೆಸರು ಬರೆದು ಸಹಿ ಹಾಕುತ್ತೇನೆ.