ಫೋಟೋದಲ್ಲಿ ಹಿಂದೆ ನಿಂತವರು

ಮನೆಗೆ ಬಂದ ನೆಂಟರು ನನ್ನ ಕುರ್ಚಿಯಲ್ಲಿ ಕೂತರೆ ನನಗೆ ಬೇಜಾರಿಲ್ಲ. ನನ್ನ ಟವೆಲ್ಲು ಬಳಸಿದರೂ ಸಂಜೆಯ ಹೊತ್ತಿಗೆ ಮರೆತುಬಿಡುತ್ತೇನೆ. ಆದರೆ ಹೆಗಲ ಮೇಲಿಂದ ಬಗ್ಗಿ ಯಾರಾದರೂ ನನ್ನ ಮೊಬೈಲ್ ನೋಡಿದರೆ ಈಗೀಗ ಬೆನ್ನಿನ ಮೇಲೆ ತಣ್ಣಗೆ ಏನೋ ಹರಿದಂತಾಗುತ್ತದೆ. ಅದರಲ್ಲಿ ಮುಚ್ಚಿಡುವಂಥದ್ದು ಇದೆಯೆಂದಲ್ಲ. ಬಹಳವೆಂದರೆ ಕೂದಲು ಉದುರುವುದನ್ನು ತಡೆಯುವ ಎಣ್ಣೆಯ ನಾಲ್ಕಾರು ವಿಡಿಯೋಗಳಿರಬಹುದು, ಅವೂ ಫಲ ಕೊಟ್ಟಿಲ್ಲವೆಂದು ನನ್ನ ತಲೆ ನೋಡಿದವರಿಗೆಲ್ಲ ಗೊತ್ತು. ನನ್ನ ಭಯಕ್ಕೆ ಕಾರಣ ಫುಟ್‌ಬಾಲು, ಜೊತೆಗೆ ನನ್ನ ಹೆಂಡತಿಯ ದೊಡ್ಡಮ್ಮ.

ನಾನು ಕೋಲಾರದಲ್ಲಿ ಮನೆ ಮಾಡಿಕೊಂಡು, ದಿನಾ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗಿಬರುವ ಸರ್ಕಾರಿ ಗುಮಾಸ್ತ. ಕೊನೆಯ ಸಲ ನಾನು ಕಾಲಿನಿಂದ ಏನನ್ನಾದರೂ ಜೋರಾಗಿ ಒದ್ದದ್ದೆಂದರೆ ಹಳೇ ಸ್ಕೂಟರಿನ ಕಿಕ್ಕರು. ಅಂಥವನನ್ನು ಫ್ಯಾಂಟಸಿ ಫುಟ್‌ಬಾಲಿಗೆ ಎಳೆದವನು ನನ್ನ ಪಕ್ಕದ ಮೇಜಿನ ನಾಗರಾಜ. ಆಟ ಸುಲಭ. ಯೂರೋಪಿನ ನಿಜವಾದ ಆಟಗಾರರಲ್ಲಿ ಹನ್ನೊಂದು ಜನರನ್ನು ಆರಿಸಿ ಮೊಬೈಲಿನಲ್ಲೇ ಒಂದು ತಂಡ ಕಟ್ಟಬೇಕು. ಅವರು ಅಲ್ಲಿ ಗೋಲು ಹೊಡೆದರೆ ಇಲ್ಲಿ ನಮಗೆ ಅಂಕ. ಆಫೀಸಿನ ಆರೇಳು ಜನ ಸೇರಿ ಒಂದು ಗುಂಪು ಮಾಡಿಕೊಂಡಿದ್ದೆವು. ಗೆದ್ದವರಿಗೆ ವರ್ಷವಿಡೀ ಕಿಟಕಿ ಪಕ್ಕದ ಕುರ್ಚಿ. ಆ ವಿದೇಶಿ ಹೆಸರುಗಳು ನಮ್ಮ ಬಾಯಲ್ಲಿ ತಿರುಗದ ಕಾರಣ ನಾವೇ ನಾಮಕರಣ ಮಾಡಿದ್ದೆವು. ಗೋಲು ಹೊಡೆಯುವ ಉದ್ದನೆಯವನು ‘ಕಂಬ’, ಅಂಚಿನಲ್ಲಿ ಸುತ್ತುವವನು ‘ಬುಗುರಿ’, ಯಾರನ್ನೂ ದಾಟಲು ಬಿಡದವನು ‘ಗೇಟು’.

ಆಟವಿರುವ ತಿಂಗಳುಗಳಲ್ಲಿ ಏನೂ ತೊಂದರೆಯಿಲ್ಲ. ಬೇಸಿಗೆಯಲ್ಲಿ ಅಲ್ಲಿ ಆಟ ನಿಲ್ಲುತ್ತದಲ್ಲ, ಆಗಲೇ ನಿಜವಾದ ಸಂಕಟ. ಕ್ಲಬ್ಬುಗಳು ಆಟಗಾರರನ್ನು ಕೊಳ್ಳುತ್ತವೆ, ಮಾರುತ್ತವೆ. ಸಣ್ಣ ಕ್ಲಬ್ಬಿನಲ್ಲಿ ರಾಜನಂತಿದ್ದವನು ದೊಡ್ಡ ಕ್ಲಬ್ಬಿಗೆ ಹೋಗಿ ಆಡಲು ಅವಕಾಶ ಸಿಗದೆ ಬೆಂಚಿನ ಮೇಲೆ ಕೂತರೆ ನಮ್ಮ ತಂಡದಲ್ಲಿ ಅವನ ಬೆಲೆ ನೆಲಕಚ್ಚುತ್ತದೆ. ಅವನಿಗೆ ಚೆಂಡು ಒದಗಿಸುತ್ತಿದ್ದವನು ಊರು ಬಿಟ್ಟರೂ ಅಷ್ಟೇ, ಇವನು ಇದ್ದಲ್ಲೇ ಅಗ್ಗವಾಗುತ್ತಾನೆ. ನಮ್ಮ ಗುಂಪಿನ ನಿಯಮದ ಪ್ರಕಾರ ತಂಡ ವರ್ಷದಿಂದ ವರ್ಷಕ್ಕೆ ಅದೇ. ಬೇಸಿಗೆಯಲ್ಲಿ ಮಾತ್ರ ನಮ್ಮ ನಮ್ಮೊಳಗೇ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಆದ್ದರಿಂದ ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂದು ಮೊದಲೇ ತಿಳಿದವನೇ ಜಾಣ. ಸರ್ಕಾರಿ ನೌಕರರ ವರ್ಗಾವಣೆಯೂ ಅದೇ ಕಾಲಕ್ಕೆ ನಡೆಯುವುದರಿಂದ ಆಗ ನಮ್ಮ ಆಫೀಸಿನಲ್ಲಿ ಬೇರೆ ಮಾತೇ ಇರುವುದಿಲ್ಲ.

ಅಂಥ ಬೇಸಿಗೆಯಲ್ಲೇ ತಾಯಲೂರಿನಿಂದ ದೊಡ್ಡಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮ ಮನೆಗೆ ಬಂದರು. ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಹಜಾರದಲ್ಲಿ ಕೂತರೆ ನಮ್ಮನ್ನು ನೋಡುತ್ತಿದ್ದಾರೋ ನಿದ್ದೆ ಮಾಡುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ನಾನು ಮೊಬೈಲಿನಲ್ಲಿ ಕಂಬನ ಫೋಟೋ ನೋಡುತ್ತಿದ್ದೆ. ಹಿಂದಿನಿಂದ ಔಷಧಿಯ ವಾಸನೆ ಬಂತು. ದೊಡ್ಡಮ್ಮ ಕನ್ನಡಕವನ್ನು ಹಣೆಗೆ ಏರಿಸಿ ಬಗ್ಗಿ ನಿಂತಿದ್ದರು.

“ವೀಡು ಪೋತಾಡಪ್ಪಾ,” ಎಂದರು. ಇವನು ಹೋಗ್ತಾನೆ ಅಂತ. ನಮ್ಮ ಕಡೆಯವರಿಗೆ ಮನಸ್ಸಿನೊಳಗಿನ ಮಾತು ಬರುವುದು ತೆಲುಗಿನಲ್ಲೇ.

“ಎಲ್ಲಿಗೆ ಹೋಗ್ತಾನೆ ದೊಡ್ಡಮ್ಮ? ಮೊನ್ನೆ ಇನ್ನೂ ಇಲ್ಲೇ ಇರ್ತೀನಿ ಅಂದವ್ನೆ,” ಎಂದು ನಕ್ಕೆ. ಅವರು ನಗಲಿಲ್ಲ. ಆ ವಾರವೇ ಕಂಬ ಬೇರೆ ಕ್ಲಬ್ಬಿಗೆ ಹೋದ. ಅಲ್ಲಿ ಅವನಿಗಿಂತ ಉದ್ದದ ಇನ್ನೊಬ್ಬ ಕಂಬ ಆಗಲೇ ನೆಟ್ಟುಕೊಂಡಿದ್ದ. ನನ್ನ ತಂಡದ ಬೆಲೆ ಕುಸಿಯಿತು.

ಕಾಕತಾಳೀಯ ಎಂದುಕೊಂಡರೂ ಆಸೆ ಬಿಡಲಿಲ್ಲ. ಮುಂದಿನ ರಜೆಯ ದಿನ ಊಟವಾದ ಮೇಲೆ ದೊಡ್ಡಮ್ಮನ ಪಕ್ಕ ಕೂತು ಒಂದೊಂದೇ ಫೋಟೋ ತೋರಿಸಿದೆ. ಕರೆಂಟ್ ಹೋಗಿತ್ತು. ಹೊರಗೆ ಬಿಸಿಲು, ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅವರು ಕನ್ನಡಕ ತೆಗೆದು ಪ್ರತಿ ಫೋಟೋವನ್ನೂ ಸುಮ್ಮನೆ ನೋಡಿ, “ವುಂಟಾಡು,” ಇಲ್ಲವೇ “ಪೋತಾಡು,” ಎನ್ನುತ್ತಿದ್ದರು. ಇರ್ತಾನೆ, ಹೋಗ್ತಾನೆ. ಗೇಟು ಹೋಗ್ತಾನಂತೆ. ಬುಗುರಿ ಇರ್ತಾನಂತೆ.

“ಮುಖದಲ್ಲಿ ಏನು ಕಾಣುತ್ತೆ ದೊಡ್ಡಮ್ಮ ನಿಮಗೆ?”

“ಮುಖ ಯಾರು ನೋಡಿದ್ರು? ನಾನು ಹಿಂದೆ ನಿಂತಿರೋರ್ನ ನೋಡ್ತೀನಿ.”

ನಾನು ಫೋಟೋ ನೋಡಿದೆ. ಗೇಟಿನ ಹಿಂದೆ ಬರೀ ನೀಲಿ ಬಣ್ಣವಿತ್ತು. ಯಾರೂ ಇರಲಿಲ್ಲ.

“ಯಾರು ನಿಂತಿದ್ದಾರೆ?”

“ಕರ್ಕೊಂಡ್ ಹೋಗಕ್ಕೆ ಬಂದಿರೋರು. ಉಳ್ಕಳೋರ ಹಿಂದೆ ಯಾರೂ ಇರಲ್ಲ,” ಎಂದು, ಹುಣಿಸೆಹಣ್ಣಿನ ಬೀಜ ಬಿಡಿಸುವವರಷ್ಟೇ ನಿರಾಳವಾಗಿ ಹೇಳಿ ಕನ್ನಡಕ ಹಾಕಿಕೊಂಡರು.

ಮರ್ಯಾದಸ್ಥನಾದವನು ಅಲ್ಲಿಗೆ ಮೊಬೈಲ್ ಆರಿಸಿ ದೇವರಿಗೆ ದೀಪ ಹಚ್ಚುತ್ತಿದ್ದ. ನಾನು ನಾಗರಾಜನಿಗೆ ಫೋನ್ ಮಾಡಿ, ಗೇಟನ್ನು ಅವನ ತಲೆಗೆ ಕಟ್ಟಿ, ಅವನ ಹತ್ತಿರವಿದ್ದ ಒಳ್ಳೆಯ ಗೋಲ್‌ಕೀಪರನ್ನು ಬದಲಿಗೆ ಪಡೆದೆ. ಗೇಟು ಹೋದ. ದೊಡ್ಡಮ್ಮ ‘ಪೋತಾಡು’ ಎಂದ ಬೇರೆಯವರೂ ಒಬ್ಬೊಬ್ಬರಾಗಿ ಹೋದರು. ಬೇಸಿಗೆ ಮುಗಿಯುವ ಮೊದಲೇ ನಮ್ಮ ಗುಂಪಿನಲ್ಲಿ ಅತಿ ಬೆಲೆಬಾಳುವ ತಂಡ ನನ್ನದಾಯಿತು.

ನಾಗರಾಜನಿಗೆ ಅನುಮಾನ ಬಂತು. ಒಂದು ಭಾನುವಾರ ಶ್ರೀನಿವಾಸಪುರದ ಮಾವಿನಹಣ್ಣಿನ ಚೀಲ ಹಿಡಿದು ಮನೆಗೇ ಬಂದ. ಹಣ್ಣಿನ ಮುಂದೆ ನನ್ನ ನಾಲಿಗೆ ನಿಲ್ಲುವುದಿಲ್ಲ, ಎಲ್ಲ ಹೇಳಿಬಿಟ್ಟೆ. ಅವನು ನಗುತ್ತಾನೆಂದುಕೊಂಡಿದ್ದೆ. ಅವನು ಎದ್ದು ಹೋಗಿ ದೊಡ್ಡಮ್ಮನ ಕಾಲ ಬಳಿ ಕೂತ.

ಅವನ ಕಥೆ ಹೇಳಬೇಕು. ಅವನ ಊರು ಶ್ರೀನಿವಾಸಪುರದಿಂದಲೂ ಆಚೆ. ಎರಡು ಬಸ್ಸು ಬದಲಾಯಿಸಿ ಮುಳಬಾಗಿಲಿಗೆ ಬರುತ್ತಿದ್ದ. ಮಗು ಏಳುವ ಮೊದಲೇ ಮನೆ ಬಿಟ್ಟು, ಅದು ಮಲಗಿದ ಮೇಲೆ ಮನೆ ಸೇರುವುದು. “ಭಾನುವಾರ ಎತ್ಕೊಂಡ್ರೆ ಯಾರೋ ನೆಂಟರು ಅನ್ಕೊಂಡು ಅಳುತ್ತೆ ಸಾರ್,” ಎನ್ನುತ್ತಿದ್ದ. ಆ ವರ್ಷ ಶ್ರೀನಿವಾಸಪುರಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದ.

ಅವನು ನಮ್ಮ ಆಫೀಸಿನವರೆಲ್ಲ ಸಾಲಾಗಿ ನಿಂತಿದ್ದ ಫೋಟೋ ತೆಗೆದು, “ಅಜ್ಜೀ, ನನ್ನ ಹಿಂದೆ ಯಾರಾನಾ ಅವ್ರಾ ನೋಡಿ,” ಎಂದ.

ದೊಡ್ಡಮ್ಮ ಬಹಳ ಹೊತ್ತು ನೋಡಿದರು. “ನಿನ್ನ ಹಿಂದೆ ಯಾರೂ ಇಲ್ಲಪ್ಪಾ.”

ನಾಗರಾಜನ ಮುಖ ಸಣ್ಣದಾಯಿತು. ದೊಡ್ಡಮ್ಮನ ಬೆರಳು ಮಾತ್ರ ಫೋಟೋದ ಮೇಲೆ ಪಕ್ಕಕ್ಕೆ ಸರಿಯಿತು. “ನಮ್ಮ ಅಳಿಯನ ಹಿಂದೆ ಅವ್ರೆ. ಇಬ್ಬರು.”

ಆ ಫೋಟೋದಲ್ಲಿ ನನ್ನ ಹಿಂದೆ ಇದ್ದದ್ದು ಸುಣ್ಣ ಬಳಿದ ಗೋಡೆ. ನಾನಂತೂ ಎಲ್ಲಿಗೂ ವರ್ಗ ಕೇಳಿರಲಿಲ್ಲ. “ಎಲ್ಲಿಗೆ ಕರ್ಕೊಂಡ್ ಹೋಗ್ತಾರೆ ದೊಡ್ಡಮ್ಮ?” ಎಂದೆ.

“ಅದು ನಂಗೆಂಗ್ ಗೊತ್ತು? ಮುಖ ಆ ಕಡೆ ತಿರುಗಿಸ್ಕೊಂಡವ್ರೆ.”

ಅಂದಿನಿಂದ ನನ್ನ ಬೆನ್ನು ನನ್ನದಾಗಿ ಉಳಿಯಲಿಲ್ಲ. ಆಫೀಸಿನಲ್ಲಿ ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಂಡೆ. ರಕ್ತ ಪರೀಕ್ಷೆ ಮಾಡಿಸಿದೆ. ಎದೆಯ ಪರೀಕ್ಷೆ ಮಾಡಿದ ಡಾಕ್ಟರು ಎಲ್ಲ ಸರಿಯಾಗಿದೆ ಎಂದಾಗ, ಅವರೂ ನನ್ನ ಹೆಗಲಾಚೆ ಒಂದು ಸಲ ನೋಡಿದರೆಂದು ಅನ್ನಿಸಿ ಮನೆಗೆ ಬರುವವರೆಗೂ ಬೆವರಿದೆ. ಬಸ್ಸಿನಲ್ಲಿ ಕೊನೆಯ ಸೀಟೇ ಹಿಡಿಯತೊಡಗಿದೆ. ಒಂದು ಮಧ್ಯಾಹ್ನ ಖಾಲಿ ಬಸ್ಸು, ಅದರಲ್ಲಿ ಹಿಂದುಗಡೆ ನಾನೊಬ್ಬನೇ. ಕಂಡಕ್ಟರ್ ಬಂದು, “ಮೂರು ಕೋಲಾರಾನಾ ಸಾರ್?” ಎಂದ. ಅವನು ನನ್ನ ಎರಡು ಪಕ್ಕಕ್ಕೂ ನೋಡಿ, ಕಣ್ಣುಜ್ಜಿಕೊಂಡು, “ಓ, ಒಬ್ರೇನಾ,” ಎಂದು ಒಂದೇ ಟಿಕೆಟ್ ಹರಿದುಕೊಟ್ಟ.

ಇದಾದ ಸ್ವಲ್ಪ ದಿನಕ್ಕೆ ವರ್ಗಾವಣೆಯ ಆದೇಶ ಬಂತು. ನನ್ನನ್ನು ಶ್ರೀನಿವಾಸಪುರಕ್ಕೆ ಹಾಕಿದ್ದರು. ನಾಗರಾಜ ಮುಳಬಾಗಿಲಿನಲ್ಲೇ. ಆಫೀಸಿನವರೆಲ್ಲ ನನಗೆ ಸಮಾಧಾನ ಹೇಳಲು ಬಂದರೆ ನಾನು ಮೈಸೂರ್‌ಪಾಕ್ ತರಿಸಿ ಹಂಚಿದೆ. ನನ್ನನ್ನು ಕರೆದೊಯ್ಯಲು ನಿಂತವರು ಬರೀ ಶ್ರೀನಿವಾಸಪುರದವರು! ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ನಾಗರಾಜ ಮಾತ್ರ ಮೈಸೂರ್‌ಪಾಕ್ ಮುಟ್ಟಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವನು ನನ್ನ ಪಕ್ಕ ಬಂದು ನಿಂತ. “ಸಾರ್, ಇಬ್ಬರೂ ಒಪ್ಪಿ ಬರ್ಕೊಟ್ರೆ ಸ್ಥಳ ಅದಲುಬದಲು ಮಾಡ್ತಾರಂತೆ. ನೀವು ಸಹಿ ಹಾಕಿದ್ರೆ ಸಾಕು. ಮಗು ಈಗ ಅಪ್ಪಾ ಅಂತ ಕಲ್ತಿದೆ. ಹಾಲಿನವನಿಗೆ ಹಂಗೆ ಕರೀತದೆ.”

ನೋಡಿ ನನ್ನ ಪಾಡು. ನಾನು ಶ್ರೀನಿವಾಸಪುರಕ್ಕೆ ಹೋದರೆ ಆ ಇಬ್ಬರ ಕೆಲಸ ಅಲ್ಲಿಗೆ ಮುಗಿಯುತ್ತದೆ. ನಾಗರಾಜನಿಗೆ ಬಿಟ್ಟುಕೊಟ್ಟು ಮುಳಬಾಗಿಲಿನಲ್ಲೇ ಉಳಿದರೆ, ಅವರು ಇನ್ನೂ ನನ್ನ ಹಿಂದೆಯೇ. ಆಗ ಕರೆದೊಯ್ಯುವ ಜಾಗ ಯಾವುದೋ! “ನಾಳೆ ಹೇಳ್ತೀನಿ ಕಣೋ,” ಎಂದು ತಪ್ಪಿಸಿಕೊಂಡೆ.

ಮರುದಿನ ರಜೆ ಹಾಕಿ ತಾಯಲೂರಿಗೆ ಹೋದೆ. ದೊಡ್ಡಮ್ಮ ಅಷ್ಟರಲ್ಲಿ ಊರಿಗೆ ವಾಪಸಾಗಿದ್ದರು. ಜಗುಲಿಯ ಮೇಲೆ ಹೊಸ ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದರು. ಆಫೀಸಿನ ಫೋಟೋವನ್ನೇ ಮತ್ತೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು.

“ಈವಾಗ ಯಾರೂ ಕಾಣಲ್ಲಪ್ಪಾ.”

“ಹೊರಟೋದ್ರಾ?” ಎಂದು ಆಸೆಯಿಂದ ಕೇಳಿದೆ.

“ಹೋದ್ರೋ ಇನ್ನೂ ಅವ್ರೋ ನಂಗೊತ್ತಿಲ್ಲ. ಡಾಕ್ಟ್ರು ಕನ್ನಡಕ ಕೊಟ್ರಲ್ಲ, ಈಗ ಎಲ್ಲಾ ಸರಿಯಾಗಿ ಕಾಣ್ತದೆ. ನಿನ್ನ ತಲೇಲಿ ಕೂದಲೇ ಇಲ್ವಲ್ಲೋ ಅಳಿಯಾ!”

ಕನ್ನಡಕ ಒಂದು ನಿಮಿಷ ತೆಗೆಯಿರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಕೊಟ್ಟ ಮಜ್ಜಿಗೆ ಕುಡಿದು ಮುಳಬಾಗಿಲಿಗೆ ಬಂದೆ. ನಾಗರಾಜ ಊಟದ ಡಬ್ಬಿ ತೆರೆದು ತಿನ್ನದೆ ಕೂತಿದ್ದ. ನಾನು ಪೆನ್ನು ತೆಗೆದು ಅವನ ಅದಲುಬದಲಿನ ಅರ್ಜಿಗೆ ಸಹಿ ಹಾಕಿದೆ. ಆ ಗಳಿಗೆಯಲ್ಲಿ ನನ್ನ ಕತ್ತಿನ ಹಿಂಭಾಗಕ್ಕೆ ಯಾರೋ ಮೆಲ್ಲನೆ ಉಸಿರು ಬಿಟ್ಟಂತಾಯಿತು. ಫ್ಯಾನಿನ ಗಾಳಿ ಎಂದುಕೊಂಡೆ. ಫ್ಯಾನು ತಿರುಗುತ್ತಿರಲಿಲ್ಲ. ನಾಗರಾಜ ನನ್ನ ಎರಡೂ ಕೈ ಹಿಡಿದುಕೊಂಡ, ಅವನ ಕಣ್ಣಲ್ಲಿ ನೀರಿತ್ತು. ನಾನೂ ಅವನ ಕೈ ಬಿಡಲಿಲ್ಲ. ಅವನು ಅದನ್ನು ಪ್ರೀತಿ ಎಂದುಕೊಂಡ. ಅರ್ಧ ಪ್ರೀತಿ ನಿಜ.

ಅವನು ಹೋಗಿ ತಿಂಗಳುಗಳೇ ಆದವು. ಮಗು ಈಗ ಅವನನ್ನು ಗುರುತಿಸುತ್ತದಂತೆ, ಹಾಲಿನವನನ್ನು ಕಂಡರೆ ಅಳುತ್ತದಂತೆ. ಇತ್ತ ನಾನು ಶುರುವಿನಲ್ಲಿ ಪ್ರತಿ ಸಂಜೆ ಮನೆ ತಲುಪಿದ್ದೇ ಪುಣ್ಯವೆಂದುಕೊಳ್ಳುತ್ತಿದ್ದೆ. ಏನೂ ಆಗಲಿಲ್ಲ. ಮೊನ್ನೆ ಹೆಂಡತಿಯ ಹತ್ತಿರ, “ಆ ಇಬ್ಬರು ಏನಾದ್ರು ಅಂತೀಯಾ?” ಎಂದು ಕೇಳಿದೆ.

ಅವಳು ದೋಸೆ ತಿರುವಿಹಾಕುತ್ತಾ, “ಇಷ್ಟು ದಿನ ಹಿಂದೆ ನಿಂತು ನಿಮ್ಮನ್ನ ನೋಡಿದಾರಲ್ಲ, ಬೇಡ ಅಂತ ಹೋಗಿರ್ತಾರೆ ಬಿಡ್ರೀ,” ಎಂದಳು.

ಸಮಾಧಾನವಾಗಬೇಕಿತ್ತು. ಆದರೆ ಆ ಮಾತು ಚುಚ್ಚಿದ್ದು ಇನ್ನೂ ಹೋಗಿಲ್ಲ. ಕರೆದೊಯ್ಯಲಿ ಎಂಬ ಆಸೆ ನನಗೇನೂ ಇಲ್ಲ. ಆದರೂ ಯಾವ ಲೋಕದವರೇ ಆಗಲಿ, ಒಬ್ಬ ಮನುಷ್ಯನನ್ನು ಆರಿಸಿದ ಮೇಲೆ ಇಷ್ಟು ಸುಲಭವಾಗಿ ಕೈಬಿಡುವುದೇ? ಈಗ ಕನ್ನಡಿಯ ಮುಂದೆ ನಿಂತಾಗಲೆಲ್ಲ ಮೆಲ್ಲನೆ ಪಕ್ಕಕ್ಕೆ ಸರಿದು, ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತೇನೆ. ಯಾರೂ ಇರುವುದಿಲ್ಲ. ಸ್ವಲ್ಪ ಬೇಜಾರಾಗುತ್ತದೆ.